ನಾಲ್ಕು ಚಕ್ರಕ್ಕೂ ಬಲ, ಗೇಟಿಗೊಂದೇ ಬೀಗ

ಶ್ರಾವಣ ಬಂತು, ಗುಂಡ್ಲುಪೇಟೆಯ ಸೂರ್ಯಕಾಂತಿ ಅರಳಿತು, ಫೋರ್ ಬೈ ಫೋರ್ ಗಾಡಿಗಳು ಕಾಡಿನ ಕಡೆ ಮೂತಿ ತಿರುಗಿಸಿದವು. ಚಾಮರಾಜನಗರದ ಕಾಡುದಾರಿ ಹಿಡಿಯುವವರು ಎಂಜಿನ್ನಿಗಿಂತ ಮೊದಲು ನೋಡಬೇಕಾದದ್ದು ಗಡಿಯಾರ!

ರಾತ್ರಿ ಒಂಬತ್ತಕ್ಕೆ ಇನ್ನು ಹತ್ತು ನಿಮಿಷ. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್. ಜಿಟಿಜಿಟಿ ಮಳೆ. ಟೊಮೆಟೊ ಲಾರಿ, ಬಾಡಿಗೆ ಟೆಂಪೊ, ಮದುವೆ ಮುಗಿಸಿ ಹೊರಟವರ ಕಾರು, ಎಲ್ಲವೂ ಹಾರನ್ ಒತ್ತುತ್ತ ಒಂದರ ಹಿಂದೊಂದು ನುಗ್ಗುತ್ತಿವೆ. ಒಂಬತ್ತಾಯಿತು. ಗೇಟು ಬಿತ್ತು.

ಐದು ನಿಮಿಷ ತಡವಾಗಿ ಬೆಂಗಳೂರಿನ ಗಾಡಿಯೊಂದು ಬಂದು ನಿಂತಿತು. ಹೊಚ್ಚಹೊಸದು. ನೆತ್ತಿಯ ಮೇಲೆ ಉದ್ದಕ್ಕೆ ದೀಪದ ಸಾಲು, ಬಾನೆಟ್ಟಿನ ಪಕ್ಕದಿಂದ ಆನೆ ಸೊಂಡಿಲಿನ ಹಾಗೆ ಮೇಲೆದ್ದ ಗಾಳಿಕೊಳವೆ, ಹಿಂಬದಿಯಲ್ಲಿ ಡೀಸೆಲ್ ಕ್ಯಾನು, ಸಲಿಕೆ, ಹಗ್ಗ. ಕಿಟಕಿ ಇಳಿಯಿತು.

‘ಟೇಮ್ ಆಗೋಯ್ತು ಸಾ. ಬೆಳಿಗ್ಗೆ ಆರಕ್ಕೆ ಬನ್ನಿ.’

‘ಐದೇ ನಿಮಿಷ ಅಲ್ವಾ ಅಣ್ಣ? ಇದು ಫೋರ್ ಬೈ ಫೋರ್. ಎಂಥ ರಸ್ತೆ ಇದ್ರೂ ಹೋಗುತ್ತೆ.’

‘ರಸ್ತೆ ಚೆನ್ನಾಗೇ ಅದೆ ಸಾ. ಗೇಟ್ ಹಾಕಿರೋದು.’

ಗೇಟಿನವನ ಟಾರ್ಚು ಆರಿತು. ಗಾಡಿ ತಿರುಗಿಕೊಂಡು ಲಾಡ್ಜು ಹುಡುಕುತ್ತ ಗುಂಡ್ಲುಪೇಟೆಗೆ ಹೊರಟಿತು.

ಶನಿವಾರ, ಭಾನುವಾರ ಈ ಗೇಟಿನಲ್ಲಿ ನಿಂತರೆ ಇಂಥ ಮಾತುಕತೆ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಜಿಪ್ಸಿ, ಜೀಪುಗಳು ಒಂದು ಕಾಲಕ್ಕೆ ಅರಣ್ಯ ಇಲಾಖೆಯವರದು, ಪೊಲೀಸರದು, ಕಾಫಿ ತೋಟದವರದು. ಈಗ ಐಟಿ ಕಂಪನಿಯ ಪಾರ್ಕಿಂಗಿನಲ್ಲೂ ಥಾರ್, ಜಿಮ್ನಿಗಳು ಸಾಲುಗಟ್ಟಿವೆ. ಕೊಂಡ ಮೇಲೆ ಸುಮ್ಮನಿರುವುದು ಹೇಗೆ? ಜಾಹೀರಾತಿನಲ್ಲಿ ಗಾಡಿ ಹೊಳೆ ಸೀಳಿಕೊಂಡು, ಕೆಸರು ಎರಚುತ್ತ ಕಾಡಿನೊಳಗೆ ನುಗ್ಗುತ್ತದೆ. ನಕ್ಷೆ ಬಿಡಿಸಿದರೆ ಬೆಂಗಳೂರಿಗೆ ಹತ್ತಿರದ ದೊಡ್ಡ ಹಸಿರು ಮಚ್ಚೆಯೇ ಚಾಮರಾಜನಗರ ಜಿಲ್ಲೆ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ, ಕಾವೇರಿ, ಹೀಗೆ ಕಾಡಿಗೆ ಕಾಡು ಅಂಟಿಕೊಂಡೇ ಇದೆ. ಗೂಗಲ್ ಮ್ಯಾಪಿನಲ್ಲಿ ಅದರೊಳಗೆಲ್ಲ ಸಣ್ಣ ಬಿಳಿ ಗೆರೆಗಳು. ಅವು ದಾರಿಗಳೇನೋ ಹೌದು, ನಿಮಗಲ್ಲ ಅಷ್ಟೆ.

ಆ ಗೆರೆಗಳಲ್ಲಿ ಹಲವು ಇಲಾಖೆಯ ಗಸ್ತಿನ ದಾರಿಗಳು. ಕೆಲವು ಬೆಂಕಿರೇಖೆಗಳು, ಬೇಸಿಗೆಯ ಕಿಚ್ಚು ದಾಟಿ ಬರದಿರಲೆಂದು ಸವರಿಟ್ಟ ಪಟ್ಟೆಗಳು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಕಾಡು ಸುಟ್ಟು ಕರಕಲಾದಾಗ ಸಿಬ್ಬಂದಿ ಸೊಪ್ಪು ಹಿಡಿದು ಓಡಿದ್ದು ಇಂಥ ದಾರಿಗಳಲ್ಲೇ. ಮೊಬೈಲಿನ ನಕ್ಷೆಗೆ ಇದಾವುದೂ ಗೊತ್ತಾಗುವುದಿಲ್ಲ. ‘ಎಡಕ್ಕೆ ತಿರುಗಿ’ ಎಂದು ಹೆಂಗಸಿನ ದನಿಯಲ್ಲಿ ಅದು ಹೇಳುತ್ತದೆ. ತಿರುಗಿದರೆ ಕೇಸು.

ಕೇಸು ಎಂದರೆ ಎಂಥದು? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯದೊಳಗೆ ಯಾರು ಕಾಲಿಡಬಹುದೆಂದು ಹೆಸರಿಸುತ್ತದೆ. ಕೆಲಸದ ಮೇಲಿರುವ ಸರ್ಕಾರಿ ನೌಕರ, ಅನುಮತಿ ಪಡೆದವರು, ಒಳಗೆ ಆಸ್ತಿ ಹಕ್ಕಿರುವವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು, ಮತ್ತೆ ಮೊದಲ ಮೂರು ಬಗೆಯವರ ಅವಲಂಬಿತರು. ನಾವು ನೀವು ಬರುವುದು ಹೆದ್ದಾರಿಯವರ ಲೆಕ್ಕಕ್ಕೆ. ಹಾದುಹೋಗಬಹುದು, ಹೊರಳಿ ಹೋಗುವಂತಿಲ್ಲ. ಇನ್ನು 39ನೇ ಸೆಕ್ಷನ್ ಓದಿದರೆ ಗಾಡಿಪ್ರಿಯರ ಎದೆ ಧಸಕ್ಕೆನ್ನಬೇಕು: ಅಪರಾಧಕ್ಕೆ ಬಳಸಿ ವಶವಾದ ವಾಹನ ಸರ್ಕಾರದ ಸೊತ್ತು. ಇಪ್ಪತ್ತು ಲಕ್ಷದ ಗಾಡಿ ರೇಂಜ್ ಆಫೀಸಿನ ಹಿತ್ತಲಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಲ್ಲಬಹುದು.

ಹಾಗಾದರೆ ಈ ಸೀಮೆಯಲ್ಲಿ ಫೋರ್ ವ್ಹೀಲ್ ಪ್ರವಾಸಕ್ಕೆ ಜಾಗವೇ ಇಲ್ಲವೇ? ಇದೆ. ಗಾಡಿ ಏನು ಮಾಡಬಲ್ಲದು ಎಂದು ಹೊರಟವರಿಗೆ ನಿರಾಸೆ. ಯಾವ ದಾರಿ ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಕೇಳಿಕೊಂಡು ಹೊರಟವರಿಗೆ ಮೂರು ದಿನವೂ ಸಾಲದು.

■ ಗೇಟಿನ ಕೈಪಿಡಿ
ಬಂಡೀಪುರ: ಊಟಿ ದಾರಿ, ಸುಲ್ತಾನ್ ಬತ್ತೇರಿ ದಾರಿ ಎರಡೂ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಆಂಬುಲೆನ್ಸ್‌ಗಳಿಗೆ, ಬೆರಳೆಣಿಕೆಯ ಸರ್ಕಾರಿ ಬಸ್ಸುಗಳಿಗೆ ಮಾತ್ರ ವಿನಾಯಿತಿ.
ದಿಂಬಂ ಘಾಟಿ: ತಮಿಳುನಾಡಿನ ಈ ಇಳಿಜಾರಿನಲ್ಲೂ 2022ರ ಫೆಬ್ರುವರಿಯಿಂದ ಮದ್ರಾಸ್ ಹೈಕೋರ್ಟ್ ಆದೇಶದಂತೆ ರಾತ್ರಿ ಸಂಚಾರಕ್ಕೆ ತಡೆ.
ಬಿಳಿಗಿರಿರಂಗನ ಬೆಟ್ಟ: ಗುಂಬಳ್ಳಿ, ಹೊಂಡರಬಾಳು ಎರಡು ಗೇಟು. ಬೆಳಕಿದ್ದಾಗ ಹೋಗಿ, ಬೆಳಕಿದ್ದಾಗಲೇ ಇಳಿಯಿರಿ.
ಊಟಿ: 2024ರ ಮೇ 7ರಿಂದ ನೀಲಗಿರಿಗೆ ಇ–ಪಾಸ್ ಜಾರಿಗೆ ಬಂದಿದೆ. ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಗಡಿಯಲ್ಲಿ ನಿಂತಾಗ ಸಿಗ್ನಲ್ ಇರುವುದಿಲ್ಲ.

ರಾತ್ರಿ ಗೇಟಿನ ಕಥೆ ಶುರುವಾದದ್ದು 2009ರ ಜೂನ್‌ನಲ್ಲಿ. ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕು ಜಿಂಕೆ, ಚಿರತೆ, ಆನೆಗಳು ಸಾಯುತ್ತಿದ್ದವು. ಚಾಮರಾಜನಗರ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಷೇಧಿಸಿ ಆದೇಶ ಹೊರಡಿಸಿದರು. ಒತ್ತಡ ಬಂತು, ಕೆಲವೇ ದಿನದಲ್ಲಿ ಆದೇಶ ವಾಪಸಾಯಿತು. ವಿಷಯ ಹೈಕೋರ್ಟಿಗೆ ಹೋಗಿ ನಿಷೇಧ ಮತ್ತೆ ಜಾರಿಗೆ ಬಂತು. 2010ರ ಮಾರ್ಚ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇರಳ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು. ವಯನಾಡಿನಲ್ಲಿ ಉಪವಾಸ, ಧರಣಿ, ಮೆರವಣಿಗೆ. ಚುನಾವಣೆ ಹತ್ತಿರ ಬಂದಾಗಲೆಲ್ಲ ‘ರಾತ್ರಿ ಗೇಟು ತೆಗೀತಾರಂತೆ’ ಎಂಬ ಸುದ್ದಿ ಗುಂಡ್ಲುಪೇಟೆಯ ಟೀ ಅಂಗಡಿಗಳಲ್ಲಿ ಕುದಿಯುತ್ತದೆ, ಆಮೇಲೆ ಆರುತ್ತದೆ. ರಾತ್ರಿಯೇ ವಯನಾಡು ತಲುಪಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟದ ಬಳಸು ದಾರಿ ಇದೆ. ಅವಸರವಿಲ್ಲದವರು ಗುಂಡ್ಲುಪೇಟೆಯಲ್ಲಿ ಮಲಗಿ ಎದ್ದು, ಆರಕ್ಕೆ ಗೇಟು ತೆರೆದಾಗ ಮೊದಲ ಸಾಲಿನಲ್ಲಿರುವುದು ಮೇಲು. ರಾತ್ರಿಯಿಡೀ ವಾಹನವಿಲ್ಲದ ರಸ್ತೆಯ ಅಂಚಿನಲ್ಲಿ ಆ ಹೊತ್ತಿಗೆ ಇನ್ನೂ ಪ್ರಾಣಿಗಳಿರುತ್ತವೆ. ರಾತ್ರಿ ನಿಷೇಧದ ಲಾಭ ಬೆಳಿಗ್ಗೆ ಬೇಗ ಏಳುವವರಿಗೆ!

ಗುಂಡ್ಲುಪೇಟೆಯಿಂದ ಮೊದಲ ಸುತ್ತು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಎರಡೂ ಬದಿ ಹೊಲ. ಈ ತಿಂಗಳು ಸೂರ್ಯಕಾಂತಿ, ಚೆಂಡುಹೂವು. ಫೋಟೊಗೆ ನಿಂತವರ ಕೈಲಿ ಹೊಲದವರು ಹತ್ತಿಪ್ಪತ್ತು ರೂಪಾಯಿ ಕೇಳುತ್ತಾರೆ. ಕೊಡಬೇಕಾದದ್ದೇ. ಸಾಲು ತುಳಿದು ಸೆಲ್ಫಿ ತೆಗೆದರೆ ಎಣ್ಣೆಕಾಳು ಉದುರುವುದು ಅವರದು.

1,454 ಮೀಟರ್ ಎತ್ತರದ ಬೆಟ್ಟ, ಕಡಿದಾದ ತಿರುವುಗಳು, ನೆತ್ತಿಯ ಮೇಲೆ ಮಂಜು, ಹೊಯ್ಸಳ ಬಲ್ಲಾಳನ ಕಾಲದ ಗುಡಿ. ಗಾಡಿ ಹತ್ತಿಸಲು ಇದಕ್ಕಿಂತ ಸೊಗಸಾದ ದಾರಿ ಬೇಕೆ? ಆದರೆ ಬೆಟ್ಟದ ಬುಡದಲ್ಲೇ ಖಾಸಗಿ ವಾಹನಕ್ಕೆ ವಿದಾಯ. ಅಲ್ಲಿಂದ ಮೇಲಕ್ಕೆ ಕೆಎಸ್ಆರ್‌ಟಿಸಿ ಬಸ್ಸೇ ಗತಿ. ಶ್ರಾವಣ ಶನಿವಾರ ಬಂದರೆ ಸಾಲು ಉದ್ದ. ಲಕ್ಷಗಟ್ಟಲೆ ಸುರಿದು ಕೊಂಡ ನಾಲ್ಕು ಚಕ್ರದ ಎಳೆತವನ್ನು ಬಯಲಲ್ಲಿ ನಿಲ್ಲಿಸಿ, ಎರಡೇ ಚಕ್ರದ ಎಳೆತದ ಕೆಂಪು ಬಸ್ಸು ಹತ್ತಿದರೆ ಅದು ತುಂಬಿದ ಜನವನ್ನೂ ಹೊತ್ತು ಏದುಸಿರಿಲ್ಲದೆ ಮೇಲೇರುತ್ತದೆ. ಕಿಟಕಿ ಪಕ್ಕದ ಸೀಟು ಸಿಕ್ಕಿದವರಿಗೆ ಬಂಡೀಪುರದ ಕಣಿವೆ ಪೂರ್ತಿ ತೆರೆದುಕೊಳ್ಳುತ್ತದೆ. ಚಾಲಕನ ಸೀಟಿನಲ್ಲಿದ್ದರೆ ಇದು ಕಾಣುತ್ತಿರಲಿಲ್ಲ ಎಂಬುದು ಆಗ ಹೊಳೆಯುತ್ತದೆ.

ಬಂಡೀಪುರದ ಒಳಗಿನ ಮಣ್ಣುದಾರಿ ನೋಡಲೇಬೇಕೆಂದರೆ ಸಫಾರಿ ಜೀಪು. 1931ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ವನ್ಯಧಾಮವಾಗಿ ಶುರುವಾದ ಕಾಡು ಇದು. 1973ರಲ್ಲಿ ಹುಲಿ ಯೋಜನೆ ಬಂದಾಗ ದೇಶದ ಮೊದಲ ಒಂಬತ್ತು ಮೀಸಲುಗಳ ಪಟ್ಟಿಯಲ್ಲಿತ್ತು. 2012ರ ಮಾರ್ಗಸೂಚಿ ಬಂದ ಮೇಲೆ ಹುಲಿ ಮೀಸಲಿನ ತಿರುಳು ಕಾಡಿನಲ್ಲಿ ಪ್ರವಾಸಿಗರಿಗೆ ಶೇ 20ಕ್ಕಿಂತ ಹೆಚ್ಚು ಭಾಗ ತೆರೆಯುವಂತಿಲ್ಲ. ಆ ಶೇ 20ರೊಳಗೇ ಎಲ್ಲ ಜೀಪು, ಕ್ಯಾಂಟರ್‌ಗಳ ಓಡಾಟ. ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಯೇ ಹೊರಡಿ. ಸುತ್ತಲ ಊರುಗಳಲ್ಲಿ ಹುಲಿ ದಾಳಿಗೆ ಜನ ಸತ್ತಾಗ, 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಲಾಗಿತ್ತು.

ಎರಡನೆಯ ದಾರಿ ಚಾಮರಾಜನಗರದ್ದು. ನನ್ನ ಮಟ್ಟಿಗೆ ಜಿಲ್ಲೆಯಲ್ಲೇ ಚೆಂದದ ಕಾಡುದಾರಿ ಇದು. ಊರು ದಾಟಿ ಹೊಂಡರಬಾಳು ಗೇಟಿಗೆ ಬಂದರೆ ರಿಜಿಸ್ಟರಿನಲ್ಲಿ ಗಾಡಿಯ ನಂಬರು, ಹೊತ್ತು, ಜನರ ಲೆಕ್ಕ. ವಾಚರ್ ಒಮ್ಮೆ ಡಿಕ್ಕಿ ಇಣುಕುತ್ತಾನೆ. ಬಾಟಲಿ ಕಂಡರೆ ಕೆಳಗಿಳಿಸುತ್ತಾನೆ. ಅಲ್ಲಿಂದ ಕ್ಯಾತದೇವರ ಗುಡಿ, ಅಂದರೆ ಎಲ್ಲರ ಬಾಯಲ್ಲಿ ಕೆ. ಗುಡಿ, ಮುಂದೆ ಬಿಳಿಗಿರಿರಂಗನ ಬೆಟ್ಟ, ಆಮೇಲೆ ಗುಂಬಳ್ಳಿ ಗೇಟಿನಲ್ಲಿ ಇಳಿದು ಯಳಂದೂರು.

ಟಾರು ರಸ್ತೆಯೇ. ಯಾವ ಕಾರಾದರೂ ಹೋಗುತ್ತದೆ. ಅಲ್ಲಲ್ಲಿ ಕಿತ್ತಿರುತ್ತದೆ, ಮಳೆಗಾಲದಲ್ಲಿ ಮರ ಉರುಳಿರುತ್ತದೆ, ಎದುರು ಬಸ್ಸು ಬಂದರೆ ಹಿಂದಕ್ಕೆ ಸರಿಯಬೇಕು. ಇಲ್ಲಿ ಗಾಡಿಯ ಎತ್ತರ ಉಪಯೋಗಕ್ಕೆ ಬರುವುದು ಬೇರೆ ಕಾರಣಕ್ಕೆ. ರಸ್ತೆಯ ಎರಡೂ ಬದಿ ಲಂಟಾನ ಎದೆಮಟ್ಟ ಬೆಳೆದಿದೆ. ಸಣ್ಣ ಕಾರಿನವನಿಗೆ ಕಾಣುವುದು ಅದರ ಗೋಡೆ ಮಾತ್ರ. ಎತ್ತರದ ಸೀಟಿನಲ್ಲಿ ಕೂತವನಿಗೆ ಅದರ ಮೇಲಿಂದ ಕಾಟಿಯ ಬೆನ್ನು ಕಾಣುತ್ತದೆ.

‘ಮಳೆಕಾಡು’ ಎಂದುಕೊಂಡು ಬಂದವರಿಗೆ ಗೇಟಿನ ಬಳಿಯ ಕಾಡು ಪೆಚ್ಚೆನಿಸಬಹುದು. ಕುರುಚಲು, ಮುಳ್ಳು, ಬಿದಿರು. ಹತ್ತಿದಂತೆ ಮತ್ತಿ, ಹೊನ್ನೆ, ದಿಂಡಿಲು. ಇನ್ನೂ ಮೇಲೆ ಹೋದರೆ ಗಾಳಿ ತಣ್ಣಗಾಗುತ್ತದೆ, ಕೊಂಬೆಗಳಿಗೆ ಪಾಚಿ ಹತ್ತಿರುತ್ತದೆ, ಕಣಿವೆಯ ಮಡಿಲಿನಲ್ಲಿ ಶೋಲಾ ಕಾಡು ಕಪ್ಪಗೆ ಕೂತಿರುತ್ತದೆ. ಪೂರ್ವಘಟ್ಟ, ಪಶ್ಚಿಮಘಟ್ಟ ಎರಡಕ್ಕೂ ಸೇತುವೆಯಂತಿರುವ ಈ ಬೆಟ್ಟಸಾಲಿನಲ್ಲಿ ಒಂದು ಗಂಟೆಯ ಪಯಣದೊಳಗೆ ಒಣಕಾಡೂ ಹಸಿಕಾಡೂ ಸಿಗುತ್ತವೆ. ಕಿಟಕಿ ಇಳಿಸಿ, ಹಾಡು ಆರಿಸಿ ಕೂತರೆ ಸಾಕು. 

ಈ ಕಾಡು ಸುತ್ತುವ ಆಸೆ ಹೊಸದೇನಲ್ಲ. ಜಿ.ಪಿ. ಸ್ಯಾಂಡರ್ಸನ್ ಎಂಬ ಇಂಗ್ಲಿಷಿನವನು ಮೈಸೂರು ಸೀಮೆಗೆ ಬಂದದ್ದು ಕಾಲುವೆ ನೋಡಿಕೊಳ್ಳಲು. ಆನೆಯ ಹುಚ್ಚು ಹತ್ತಿತು. 1874ರಲ್ಲಿ ಚಾಮರಾಜನಗರದ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಹಿಂಡನ್ನೇ ಹಿಡಿಸಿದ. 1878ರಲ್ಲಿ ಹೊರಬಂದ ಅವನ ಪುಸ್ತಕದ ತುಂಬ ಈ ಬೆಟ್ಟಗಳ ಕಾಡು. ಅವನಿಗೆ ಜೀಪಿರಲಿಲ್ಲ, ದಾರಿ ತೋರಿಸಲು ಈ ಕಾಡಿನ ಜನ ಇದ್ದರು, ಸಾಮಾನು ಹೊರಲು ಆನೆಯಿತ್ತು.

ದಾರಿ ಈಗಲೂ ಗೊತ್ತಿರುವುದು ಈ ಕಾಡಿನ ಆದಿವಾಸಿ ಸೋಲಿಗರಿಗೇ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು, 2011ರ ಹೊತ್ತಿಗೆ ಹುಲಿ ಮೀಸಲಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಇಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ಸಿಕ್ಕಿತು. ಹುಲಿ ಮೀಸಲೊಂದರಲ್ಲಿ ಹಾಗೆ ಆದದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ, ಪಾಸೆ ತರಲು ಅವರು ನಡೆಯುವ ಕಾಲುದಾರಿ ಯಾವ ನಕ್ಷೆಯಲ್ಲೂ ಇಲ್ಲ. ಪ್ರವಾಸಿಗನೊಬ್ಬ ‘ದೊಡ್ಡ ಸಂಪಿಗೆ ಮರಕ್ಕೆ ಗಾಡಿ ಹೋಗುತ್ತಾ?’ ಎಂದು ವಿಚಾರಿಸುವುದನ್ನು ಬೆಟ್ಟದ ಹೋಟೆಲಿನಲ್ಲಿ ಆಗಾಗ ಕೇಳಬಹುದು. ಆ ಮರ ಸೋಲಿಗರಿಗೆ ದೇವರು. ಪೂಜೆಗೆ ಹೋಗುವವರು ಅವರು. ನಮ್ಮ ಗಾಡಿಗೆ ಅಲ್ಲೇನು ಕೆಲಸ?

■ ದೇವರೂ ನಡೆದೇ ಹೋಗುತ್ತಾನೆ
ಬಿಳಿಗಿರಿ ರಂಗಪ್ಪ ರಾತ್ರಿ ಹೊತ್ತು ಕಾಡು ಸುತ್ತುತ್ತಾನೆ, ಅದಕ್ಕೇ ಅವನ ಚಪ್ಪಲಿ ಸವೆಯುತ್ತದೆ ಎಂಬುದು ಭಕ್ತರ ನಂಬಿಕೆ. ಎರಡು ವರ್ಷಕ್ಕೊಮ್ಮೆ ಬೂದಿತಿಟ್ಟಿನ ಮಾದಿಗರು ಚರ್ಮದ ಹೊಸ ಜೋಡು ಹೊಲಿದು ಒಪ್ಪಿಸುತ್ತಾರೆ. ಅಳತೆ ಒಂದು ಅಡಿ ಒಂಬತ್ತು ಅಂಗುಲ. ಆ ಚಪ್ಪಲಿಯಿಂದ ತಲೆಗೆ ತಟ್ಟಿಸಿಕೊಳ್ಳುವುದೇ ಆಶೀರ್ವಾದ. ರಂಗಪ್ಪ ಕೈಹಿಡಿದ ಕುಸುಮಾಲೆ ಸೋಲಿಗರ ಹುಡುಗಿ, ಹಾಗಾಗಿ ಅವನು ಅವರಿಗೆ ಭಾವ.

ಮೂರನೆಯದು ಗಡಿದಾರಿ. ಚಾಮರಾಜನಗರದಿಂದ ಪುಣಜನೂರು ಚೆಕ್‌ಪೋಸ್ಟ್ ದಾಟಿದರೆ ಹಾಸನೂರು, ಮುಂದೆ ದಿಂಬಂ. 27 ಹೇರ್‌ಪಿನ್ ತಿರುವು ಇಳಿದರೆ ಬಣ್ಣಾರಿ, ಸತ್ಯಮಂಗಲ. ರಾಜ್ಯ ತಮಿಳುನಾಡಾದರೂ ತಾಳವಾಡಿ ಸೀಮೆಯ ಮಾತು ಕನ್ನಡವೇ. 2000ದ ಜುಲೈನಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಅಪಹರಿಸಿದ ಗಾಜನೂರು ಇರುವುದೂ ಇಲ್ಲೇ. ಆ 108 ದಿನ ಈ ದಾರಿಯ ಹೆಸರುಗಳೆಲ್ಲ ನಾಡಿಗೆ ಬಾಯಿಪಾಠವಾಗಿದ್ದವು.

ಈಗ ಇಲ್ಲಿನ ದೊಡ್ಡ ಸಂಗತಿ ಕಬ್ಬಿನ ಲಾರಿ. ಹಾಸನೂರು, ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಆನೆ ಮರಿಯ ಸಮೇತ ರಸ್ತೆ ಬದಿಗೆ ಬಂದು ನಿಂತಿರುತ್ತದೆ. ಕಾರು ಹೋದರೆ ಕಣ್ಣೆತ್ತಿಯೂ ನೋಡುವುದಿಲ್ಲ. ಲಾರಿ ಬಂತೋ, ರಸ್ತೆಗೆ ಅಡ್ಡ. ಡ್ರೈವರು ಒಂದಷ್ಟು ಕಬ್ಬು ಎಳೆದು ಬಿಸಾಡುತ್ತಾನೆ, ಅಥವಾ ಅದೇ ಎಳೆದುಕೊಳ್ಳುತ್ತದೆ. ನಡುವೆ ಸಿಕ್ಕವರು ಎಂಜಿನ್ ಆರಿಸದೆ, ಹಾರನ್ ಒತ್ತದೆ, ಹಿಂದಕ್ಕೆ ಸರಿಯಲು ಜಾಗ ಇಟ್ಟುಕೊಂಡು ಕಾಯಬೇಕು. ಬಾಗಿಲು ತೆರೆದು ಇಳಿಯುವುದು ಮಾತ್ರ ಬೇಡ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಆನೆಯ ಜೊತೆ ಸೆಲ್ಫಿಗೆ ಇಳಿದವನೊಬ್ಬ ತುಳಿತಕ್ಕೆ ಸಿಕ್ಕು ಹೇಗೋ ಬದುಕಿದ. ಇಲಾಖೆ 25,000 ರೂಪಾಯಿ ದಂಡವನ್ನೂ ಹಾಕಿತು.

ಜನ ಕಡಿಮೆ ಓಡಾಡುವ ದಾರಿ ಬೇಕೆಂದರೆ ಕೊಳ್ಳೇಗಾಲದ ಕಡೆಯಿಂದ ಲೊಕ್ಕನಹಳ್ಳಿ, ಟಿಬೆಟನ್ನರು ನೆಲೆಸಿರುವ ಒಡೆಯರಪಾಳ್ಯ ದಾಟಿ ಗೇರ್‌ಮಾಳದ ಮೂಲಕ ಹಾಸನೂರಿಗೆ ಸೇರುವುದೊಂದಿದೆ. ಕಿರಿದಾದ ರಸ್ತೆ, ಹಗಲಿನಲ್ಲೇ ಮುಗಿಸಬೇಕು, ಎರಡು ರಾಜ್ಯದ ಗೇಟುಗಳು. ಹಿಂದಿನ ದಿನವೇ ವಿಚಾರಿಸದೆ ಹೋದರೆ ವಾಪಸು ಬರುವ ಸಂಭವವೇ ಹೆಚ್ಚು.

ಇಷ್ಟು ಹೊತ್ತು ಹೇಳಿದ ಯಾವ ದಾರಿಯಲ್ಲೂ ನಾಲ್ಕೂ ಚಕ್ರದ ಎಳೆತ ಬೇಕಾಗಲಿಲ್ಲ, ಗಮನಿಸಿದಿರಾ? ಅದು ನಿಜವಾಗಿ ಬೇಕಾಗುವ ಜಾಗ ಮಲೆ ಮಹದೇಶ್ವರ ಬೆಟ್ಟ. ಅಲ್ಲಿ ಅದು ಮೋಜಿನ ವಸ್ತುವಲ್ಲ.

ಬೆಟ್ಟದ ಮೇಲೆ ನಾಗಮಲೆ, ಇಂಡಿಗನತ್ತದ ಕಡೆ ಹೋಗುವ ಜೀಪುಗಳು ನಿಂತಿರುತ್ತವೆ. ನೋಡಿದರೆ ಗುಜರಿಗೆ ಹಾಕುವ ಹಾಗಿವೆ. ಟಾರ್ಪಾಲಿನ ಮೇಲ್ಛಾವಣಿ, ಬಾಗಿಲ ಜಾಗದಲ್ಲಿ ಸರಪಳಿ, ಹಿಂದೆ ಎದುರುಬದುರು ಎರಡು ಬೆಂಚು. ಡ್ಯಾಶ್‌ಬೋರ್ಡಿನ ಮೇಲೆ ಹುಲಿಯೇರಿದ ಮಾದಪ್ಪನ ಪಟ, ಅದರ ಸುತ್ತ ವಿಭೂತಿ, ಒಣಗಿದ ಚೆಂಡುಹೂವು. ವೇಗದ ಮುಳ್ಳು ಯಾವ ಕಾಲದಲ್ಲೋ ಸತ್ತಿದೆ. ಇಲ್ಲಿ ಅದಕ್ಕೆ ಕೆಲಸವೂ ಇಲ್ಲ, ನಡೆಯುವವರಿಗಿಂತ ಸ್ವಲ್ಪ ಜೋರು ಅಷ್ಟೆ. ಟೈರು ಮಾತ್ರ ಒಳ್ಳೆಯದಿರುತ್ತದೆ.

ಎಂಟು ಜನ ಕೂರಬೇಕಾದಲ್ಲಿ ಹದಿನಾಲ್ಕು ಜನ. ಕಾಲ ಕೆಳಗೆ ರೇಷನ್ ಅಕ್ಕಿ, ರಾಗಿ ಹಿಟ್ಟಿನ ಮೂಟೆ, ಗ್ಯಾಸ್ ಸಿಲಿಂಡರು. ಹಿಂದಿನ ಮೆಟ್ಟಿಲಲ್ಲಿ ನೇತಾಡುವ ಹುಡುಗನ ಕೈಲೊಂದು ಕಲ್ಲು. ಏರಿನಲ್ಲಿ ಜೀಪು ಬಸವಳಿದು ನಿಂತ ಕೂಡಲೆ ಅವನು ಜಿಗಿದು ಆ ಕಲ್ಲನ್ನು ಗಾಲಿಗೆ ಕೊಡುತ್ತಾನೆ. ಹ್ಯಾಂಡ್‌ಬ್ರೇಕ್ ಎಂದರೆ ಅವನೇ.

ಡ್ರೈವರು ಸಣ್ಣ ಗೇರುಕೋಲನ್ನು ಎಳೆದು ಲೋ ಗೇರಿಗೆ ಹಾಕುತ್ತಾನೆ. ಆಗ ಎಂಜಿನ್ನು ಎಷ್ಟೇ ಕೂಗಿದರೂ ಗಾಲಿ ಉರುಳುವುದು ಆಮೆಯಷ್ಟೆ, ಬದಲಿಗೆ ಎಳೆತ ಇಮ್ಮಡಿಯಾಗುತ್ತದೆ. ಇಳಿಯುವಾಗ ಅವನ ಕಾಲು ಬ್ರೇಕಿನ ಮೇಲಿರುವುದಿಲ್ಲ. ಗೇರೇ ಗಾಡಿಯನ್ನು ಹಿಡಿದಿಡುತ್ತದೆ. ಒದ್ದೆ ಬಂಡೆಯ ಮೇಲೆ ಬ್ರೇಕ್ ಒತ್ತಿದರೆ ಜಾರುವುದು ಖಂಡಿತ. ಒಂದು ಬಂಡೆಗೆ ಬಲಗಾಲಿ, ಇನ್ನೊಂದು ಗುಂಡಿಗೆ ಎಡಗಾಲಿ, ಯಾವ ಕಲ್ಲು ಎಲ್ಲಿದೆಯೆಂದು ಅವನ ಕೈಗೆ ಗೊತ್ತು. ಶಾಲೆ ಕಟ್ಟಿ ಕಲಿಸುವ ಆಫ್‌ರೋಡ್ ವಿದ್ಯೆಯಷ್ಟೂ ಇಲ್ಲಿ ಬಾಡಿಗೆ ದರದಲ್ಲಿ ನೋಡಸಿಗುತ್ತದೆ.

ನಾಗಮಲೆಗೆ ಬೆಟ್ಟದಿಂದ ಸುಮಾರು 14 ಕಿ.ಮೀ. ಇಂಡಿಗನತ್ತದವರೆಗೆ ಜೀಪು, ಅಲ್ಲಿಂದ ನಡಿಗೆ. ಚಾರಣಕ್ಕೆ ಈಚಿನ ವರ್ಷಗಳಲ್ಲಿ ನಿರ್ಬಂಧ ಬಂದದ್ದುಂಟು, ಹೋದದ್ದೂ ಉಂಟು. ಬೆಟ್ಟದಲ್ಲಿ ಕೇಳಿಕೊಂಡೇ ಜೀಪು ಹತ್ತಿ.

ಆ ಜೀಪಿನಲ್ಲಿ ಪ್ರವಾಸಿಗರು ಇಳಿದ ಮೇಲೆ ಉಳಿಯುವವರ ಮಾತು ಬೇರೆ. ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ದೊಡ್ಡಾಣೆ. ಕಾಡಿನ ನಡುವಿನ ಊರುಗಳು. ಹೆರಿಗೆ ನೋವು ಬಂದ ಹೆಂಗಸನ್ನು ಬಟ್ಟೆಯ ಡೋಲಿಯಲ್ಲಿ ಹೊತ್ತು ಮೈಲಿಗಟ್ಟಲೆ ನಡೆದ ಸುದ್ದಿ ಈ ಊರುಗಳಿಂದ ಆಗಾಗ ಬಂದಿದೆ. ಮಕ್ಕಳನ್ನು ಶಾಲೆಗೆ ತಲುಪಿಸಲು ಅರಣ್ಯ ಇಲಾಖೆಯೇ ‘ಜನ–ವನ’ ಹೆಸರಿನಲ್ಲಿ ಜೀಪು ಬಿಟ್ಟಿತು. 2024ರ ಏಪ್ರಿಲ್ 26, ಲೋಕಸಭಾ ಚುನಾವಣೆಯ ದಿನ. ರಸ್ತೆ ಇಲ್ಲ, ನೀರಿಲ್ಲ, ಓಟೂ ಇಲ್ಲ ಎಂದು ಇಂಡಿಗನತ್ತದಲ್ಲಿ ಬಹಿಷ್ಕಾರ. ಮಾತಿಗೆ ಮಾತು ಬೆಳೆದು ಮತಗಟ್ಟೆಯೇ ಧ್ವಂಸವಾಯಿತು. 29ರಂದು ಮರುಮತದಾನ ನಡೆಸಬೇಕಾಯಿತು.

ನಮ್ಮಂಥವರು ‘ರಸ್ತೆ ಹಾಳಾಗಿದ್ದಷ್ಟೂ ಮಜಾ’ ಎಂದು ಹುಡುಕಿಕೊಂಡು ಹೋಗುವ ಹಾದಿ, ರಸ್ತೆ ಸರಿಯಿಲ್ಲವೆಂದು ಜನ ಸಿಡಿದೆದ್ದ ಹಾದಿಯೂ ಹೌದು. ಇತ್ತ ಇಲಾಖೆಯ ಕಷ್ಟವೂ ಸಣ್ಣದಲ್ಲ. 2013ರಲ್ಲಿ ಅಭಯಾರಣ್ಯವಾದ ಕಾಡು ಇದು. 2025ರ ಜೂನ್‌ನಲ್ಲಿ ಇದರ ಹೂಗ್ಯಂ ವಲಯದಲ್ಲಿ ತಾಯಿ ಹುಲಿ, ನಾಲ್ಕು ಮರಿ ವಿಷಕ್ಕೆ ಬಲಿಯಾದವು. ಅಗಲ ರಸ್ತೆ ಕಾಡಿಗೆ ಕುತ್ತು, ರಸ್ತೆ ಇಲ್ಲದಿರುವುದು ಊರಿಗೆ ಕುತ್ತು. ಇದನ್ನು ಬಿಡಿಸಲು ಪುರವಣಿಯ ಲೇಖನಕ್ಕೆ ಆಗದು. ಆದರೆ ಸ್ವಂತ ಗಾಡಿಯಲ್ಲಿ ಆ ದಾರಿಗೆ ಇಳಿದು, ಸಿಕ್ಕಿಹಾಕಿಕೊಂಡು, ಊರಿಗಿರುವ ಒಂದೇ ದಾರಿಯನ್ನು ಮುಚ್ಚಿ ನಿಲ್ಲುವುದಕ್ಕಿಂತ ಸ್ಥಳೀಯನ ಜೀಪಿಗೆ ಬಾಡಿಗೆ ಕೊಡುವುದು ಒಳ್ಳೆಯದು ಎನ್ನುವುದಕ್ಕೆ ಯಾವ ಯೋಚನೆಯೂ ಬೇಡ.

■ ಗಾಡಿಯಲ್ಲಿ ಇದಿಷ್ಟು ಇರಲಿ
ಗಾಳಿ ತುಂಬಿದ ಸ್ಟೆಪ್ನಿ, ಜಾಕಿ, ಅದರಡಿಗೆ ಇಡಲು ಅಗಲವಾದ ಹಲಗೆ. ಮಳೆಗಾಲದ ಮಣ್ಣಿನಲ್ಲಿ ಹಲಗೆಯಿಲ್ಲದ ಜಾಕಿ ನೆಲಕ್ಕೆ ಇಳಿಯುತ್ತದೆಯೇ ಹೊರತು ಗಾಡಿ ಏಳುವುದಿಲ್ಲ. ಟ್ಯಾಂಕು ಗುಂಡ್ಲುಪೇಟೆ, ಚಾಮರಾಜನಗರ ಅಥವಾ ಕೊಳ್ಳೇಗಾಲದಲ್ಲೇ ತುಂಬಿಸಿ. ಕಾಗದದ ನಕ್ಷೆ, ಚಿಲ್ಲರೆ ಹಣ. ಜಿಗಣೆಗೆ ಉಪ್ಪು, ಉಣ್ಣೆಗೆ ಉದ್ದ ತೋಳಿನ ಅಂಗಿ. ತಿಂಡಿಯ ಪೊಟ್ಟಣ ಕೋತಿಗೆ ಕಾಣದ ಕಡೆ.

ಮಣ್ಣಿನ ಬಗ್ಗೆ ಒಂದು ಮಾತು. ಚಾಮರಾಜನಗರ, ಯಳಂದೂರಿನ ಬಯಲಿನಲ್ಲಿ ಎರೆ ಹೊಲ ಬಹಳ. ಬೇಸಿಗೆಯಲ್ಲಿ ಬಿರುಕು ಬಿಡುವ ಆ ಕಪ್ಪು ಮಣ್ಣು ಎರಡು ಹದ ಮಳೆಗೆ ಅಂಟಾಗುತ್ತದೆ. ಟೈರಿನ ಹಲ್ಲಿನ ಸಂದಿಯೆಲ್ಲ ತುಂಬಿ ಚಕ್ರ ಬೋಳಾಗುತ್ತದೆ. ಆಮೇಲೆ ನಾಲ್ಕು ಚಕ್ರ ತಿರುಗಿದರೂ ನಾಲ್ಕೂ ಅಲ್ಲೇ. ಗೂಗಲ್ ತೋರಿಸಿದ ಒಳದಾರಿಯೆಂದು ಹೊಲದ ಬದುವಿಗೆ ಇಳಿದ ದೊಡ್ಡ ಗಾಡಿಗಳನ್ನು ಕೊನೆಗೆ ಎಳೆಯುವುದು ಊರಿನ ಟ್ರ್ಯಾಕ್ಟರು. ಡ್ರೈವರು ಕೇಳಿದ್ದಷ್ಟು ಕೊಡಬೇಕು, ಮುಖದ ಮೇಲಿನ ನಗುವನ್ನೂ ಸಹಿಸಬೇಕು.

ಕಾಡಿನ ರಸ್ತೆಯಲ್ಲಿ ಗಾಡಿ ಕೆಟ್ಟರೆ ರಿಪೇರಿಯ ಉತ್ಸಾಹ ಬೇಡ. ಬಾನೆಟ್ ಎತ್ತಿ ತಲೆ ಒಳಗಿಟ್ಟವನಿಗೆ ಹಿಂದೆ ಏನು ಬಂತೆಂದು ತಿಳಿಯದು. ದೀಪ ಮಿನುಗಿಸುತ್ತ ಒಳಗೇ ಕೂತು, ಹಾದುಹೋಗುವ ಬಸ್ಸಿನವರ ಕೈಲಿ ಮುಂದಿನ ಗೇಟಿಗೆ ಹೇಳಿಕಳುಹಿಸಿ. ಗಸ್ತಿನವರು ಬರುತ್ತಾರೆ. ಹಗಲಾದರೆ ಅದಕ್ಕೂ ಮೊದಲು ಲಾರಿಯವನೊಬ್ಬ ನಿಲ್ಲಿಸಿ ಹಗ್ಗ ಕಟ್ಟುತ್ತಾನೆ.

ದಿನದ ಲೆಕ್ಕ ಹೀಗಿಟ್ಟುಕೊಳ್ಳಬಹುದು. ಶುಕ್ರವಾರ ಸಂಜೆಯೇ ಗುಂಡ್ಲುಪೇಟೆ ಸೇರಿ, ಶನಿವಾರ ಆರಕ್ಕೆ ಬಂಡೀಪುರದ ಗೇಟು, ಬಿಸಿಲೇರಿದ ಮೇಲೆ ಗೋಪಾಲಸ್ವಾಮಿ ಬೆಟ್ಟದ ಬಸ್ಸು, ರಾತ್ರಿಗೆ ಚಾಮರಾಜನಗರ. ಭಾನುವಾರ ಹೊಂಡರಬಾಳಿನಲ್ಲಿ ಹತ್ತಿ ಗುಂಬಳ್ಳಿಯಲ್ಲಿ ಇಳಿದು, ಕೊಳ್ಳೇಗಾಲ, ಹನೂರು ದಾಟಿ ಕತ್ತಲಾಗುವ ಮುನ್ನ ಮಲೆ ಮಹದೇಶ್ವರ ಬೆಟ್ಟ. ಸೋಮವಾರ ನಸುಕಿಗೆ ಜೀಪು. ಅಮಾವಾಸ್ಯೆ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗು, ಬೆಟ್ಟದಲ್ಲಿ ಜನವೋ ಜನ, ಜೀಪಿನಲ್ಲಿ ಸೀಟಿಲ್ಲ. ಹಿಂದಿನ ರಾತ್ರಿ ಜೋರು ಮಳೆ ಹೊಯ್ದರೂ ಅಷ್ಟೇ. ದಾರಿ ನೋಡಿ ಬಂದ ಡ್ರೈವರು ‘ಇವತ್ತಾಗಕಿಲ್ಲ ಸಾ, ನಾಳೀಕ್ ನೋಡುವ’ ಎಂದುಬಿಡುತ್ತಾನೆ. ಅವನ ಜೊತೆ ವಾದಿಸಬೇಡಿ, ಆಫೀಸಿಗೆ ಫೋನು ಮಾಡಿ ರಜೆ ಇನ್ನೊಂದು ದಿನ ಹೆಚ್ಚಿಸಿಕೊಳ್ಳಿ.